ಯಂತ್ರಶಾಲೆಯ ಸೂರಿನ ಕೆಳಗೆ: ಶಕ್ತಿವಿತರಣೆಯ ಒಂದು ಅಧ್ಯಾಯ

ಕೈಗಾರಿಕೆಯ ಚರಿತ್ರೆಯನ್ನು ಉಗಿಯ ಯುಗ, ವಿದ್ಯುತ್ತಿನ ಯುಗ ಎಂದು ಶಕ್ತಿಯ ಮೂಲವನ್ನು ಹಿಡಿದು ವಿಭಾಗಿಸುವುದು ವಾಡಿಕೆ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕಟ್ಟಡದೊಳಗೆ ಬಂದ ಶಕ್ತಿ ಒಂದೊಂದು ಯಂತ್ರದವರೆಗೆ ಯಾವ ದಾರಿಯಲ್ಲಿ ಸಾಗುತ್ತದೆಂದು ಕೇಳುವುದು ಅಪರೂಪ. ದುಡಿಯುವವನ ದೃಷ್ಟಿಯಿಂದ ಈ ಎರಡನೆಯ ಪ್ರಶ್ನೆಯೇ ಹಿರಿದೆಂದು ನನ್ನ ಅಭಿಪ್ರಾಯ. ಅಮೆರಿಕದ ಕಾರ್ಖಾನೆಗಳು ಇದಕ್ಕೆ ಒಳ್ಳೆಯ ನಿದರ್ಶನ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಯಂತ್ರಶಾಲೆಗಳಲ್ಲಿ ಒಂದು ದೊಡ್ಡ ಉಗಿಯಂತ್ರವೋ ಜಲಚಕ್ರವೋ ಸೂರಿನ ಕೆಳಗೆ ಉದ್ದಕ್ಕೂ ತೂಗುಹಾಕಿದ ಶಾಫ್ಟನ್ನು ತಿರುಗಿಸುತ್ತಿತ್ತು. ಅದರ ರಾಟೆಗಳಿಂದ ತೊಗಲಿನ ಬೆಲ್ಟುಗಳು ಇಳಿದು ಲೇತು ಮೊದಲಾದ ಯಂತ್ರಗಳನ್ನು ನಡೆಸುತ್ತಿದ್ದುವು. ಒಂದೇ ಲೇತು ಕೆಲಸಮಾಡುತ್ತಿದ್ದರೂ ಶಾಫ್ಟೆಲ್ಲ ತಿರುಗಲೇಬೇಕು. ಅದು ಕೆಟ್ಟರೆ ಕೋಣೆಯೆಲ್ಲ ಕೈಕಟ್ಟಿ ಕೂರಬೇಕು. ಕೆಲಸದ ಕ್ರಮ ಹೇಗೇ ಇರಲಿ, ಯಂತ್ರಗಳು ಶಾಫ್ಟಿನ ಸಾಲನ್ನು ಹಿಡಿದೇ ನಿಲ್ಲಬೇಕಾಗಿತ್ತು. ಬೆಲ್ಟುಗಳು ಬೆಳಕನ್ನು ತಡೆಯುತ್ತಿದ್ದುವು. ತಲೆಯ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಭಾರವನ್ನೆತ್ತುವ ಕ್ರೇನಿಗೆ ಮೇಲೆ ಎಡೆಯೇ ಇರಲಿಲ್ಲ. ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿ ಕೈಯನ್ನೋ ಪ್ರಾಣವನ್ನೋ ಕಳೆದುಕೊಂಡವರು ಅನೇಕರು.

ವಿದ್ಯುತ್ತು ಬಂದೊಡನೆ ಇದೆಲ್ಲವೂ ಮಾಯವಾಯಿತೆಂದು ಭಾವಿಸಲಾಗದು. ನ್ಯೂಯಾರ್ಕಿನಲ್ಲಿ ಎಡಿಸನ್ನನ ಪರ್ಲ್ ಸ್ಟ್ರೀಟ್ ವಿದ್ಯುದಾಗಾರವು ೧೮೮೨ರಲ್ಲಿ ಆರಂಭವಾದರೂ, ೧೮೯೯ರಲ್ಲಿ ಅಮೆರಿಕದ ಕಾರ್ಖಾನೆಗಳ ಚಾಲನಶಕ್ತಿಯಲ್ಲಿ ವಿದ್ಯುತ್ ಮೋಟಾರುಗಳ ಪಾಲು ನೂರಕ್ಕೆ ೫ಕ್ಕಿಂತಲೂ ಕಡಮೆ. ದಕ್ಷಿಣ ಕೆರೊಲೈನದ ಕೊಲಂಬಿಯಾ ಗಿರಣಿಯಲ್ಲಿ ೧೮೯೪ರಲ್ಲಿ ೬೫ ಅಶ್ವಶಕ್ತಿಯ ಮೋಟಾರುಗಳನ್ನು ಸೂರಿಗೇ ತೂಗುಹಾಕಿದರು. ನೆಲದಲ್ಲಿ ಜಾಗ ಉಳಿಯಿತು; ಆದರೆ ಒಂದೊಂದು ಮೋಟಾರೂ ಹಲವು ಯಂತ್ರಗಳನ್ನು ನಡೆಸಬೇಕಾಗಿದ್ದುದರಿಂದ ಬೆಲ್ಟು ಹೋಗಲಿಲ್ಲ. ೧೯೨೯ರ ವೇಳೆಗೆ ಆ ಪಾಲು ನೂರಕ್ಕೆ ೭೮ರಷ್ಟಕ್ಕೆ ಏರಿತು. ಯಂತ್ರಕ್ಕೊಂದು ಮೋಟಾರು ಎಂಬ ಪದ್ಧತಿಯೂ ಬೇರೂರಿತು.

ಆಗಲೂ ಯಂತ್ರ ಸ್ವತಂತ್ರವಾಗಲಿಲ್ಲ. ಬೆಲ್ಟಿನ ಕಟ್ಟು ಬಿಚ್ಚಿ ಕಬ್ಬಿಣದ ಕೊಳವೆಯೊಳಗಿನ ತಂತಿಯ ಕಟ್ಟು ಬಿದ್ದಿತು. ಯಂತ್ರವನ್ನು ಹತ್ತು ಅಡಿ ಸರಿಸಬೇಕಾದರೂ ಕೊಳವೆಯನ್ನು ಬಿಚ್ಚಿ, ತಂತಿಯನ್ನು ಹೊಸದಾಗಿ ಎಳೆದು ಜೋಡಿಸಬೇಕು. ಮಾದರಿ ಬದಲಾದಂತೆಲ್ಲ ಯಂತ್ರಗಳ ಸಾಲನ್ನೇ ಬದಲಿಸಬೇಕಾದ ಡೆಟ್ರಾಯಿಟಿನ ಮೋಟಾರುಗಾಡಿಯ ಕಾರ್ಖಾನೆಗಳಿಗೆ ಇದು ದೊಡ್ಡ ತೊಡಕು. ೧೯೨೦ರ ದಶಕದ ಕೊನೆಯಲ್ಲಿ ಅವರು ಮುಂದಿಟ್ಟ ಬೇಡಿಕೆಯಿಂದಲೇ ‘ಬಸ್‌ವೇ’ ಎಂಬ ಏರ್ಪಾಡು ಹುಟ್ಟಿತು.

ಇದರ ರಚನೆ ಸರಳವಾದುದು. ಸೂರಿನ ಕೆಳಗೆ ತೂಗುವ ಉಕ್ಕಿನ ಉದ್ದ ಪೆಟ್ಟಿಗೆಯೊಳಗೆ ತಾಮ್ರದ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ವಿದ್ಯುನ್ನಿರೋಧಕಗಳ ಮೇಲೆ ನಿಲ್ಲಿಸಿರುತ್ತಾರೆ. ಪೆಟ್ಟಿಗೆಯ ತುಂಡುಗಳನ್ನು ಬೋಲ್ಟುಗಳಿಂದ ಬಿಗಿದು ಬೇಕಾದಷ್ಟು ಉದ್ದಕ್ಕೆ ಬೆಳೆಸಬಹುದು. ಅದರ ಮೈಯಲ್ಲಿ ಅಲ್ಲಲ್ಲಿ ಮುಚ್ಚಳವಿರುವ ಕಿಂಡಿಗಳಿರುತ್ತವೆ. ಸ್ವಿಚ್ಚು, ಫ್ಯೂಸುಗಳುಳ್ಳ ಚಿಕ್ಕ ಪೆಟ್ಟಿಗೆಯೊಂದನ್ನು ಕಿಂಡಿಗೆ ಸಿಕ್ಕಿಸಿದರೆ ಅದರ ಹಿಡಿಗಳು ತಾಮ್ರವನ್ನು ಕಚ್ಚುತ್ತವೆ. ಅಲ್ಲಿಂದ ಬಾಗುವ ಕೇಬಲ್ಲು ಯಂತ್ರಕ್ಕೆ ಇಳಿಯುತ್ತದೆ. ಯಂತ್ರವನ್ನು ಸರಿಸಿದಾಗ ಪೆಟ್ಟಿಗೆಯನ್ನು ಕಿತ್ತು ಬೇರೊಂದು ಕಿಂಡಿಗೆ ಸಿಕ್ಕಿಸಿದರಾಯಿತು. ಉಳಿದ ಯಂತ್ರಗಳು ನಿಲ್ಲಬೇಕಾಗಿಲ್ಲ. ಕೈಯಲ್ಲಿ ಹಿಡಿಯುವ ಉಪಕರಣಗಳಿಗೂ ಕ್ರೇನಿಗೂ ಇನ್ನೊಂದು ಬಗೆಯುಂಟು: ಪೆಟ್ಟಿಗೆಯ ತಳದ ಉದ್ದ ಸೀಳಿನಲ್ಲಿ ಗಾಲಿಯುಳ್ಳ ಟ್ರಾಲಿಯೊಂದು ಕೆಲಸಗಾರನ ಜೊತೆಯಲ್ಲಿಯೇ ಓಡಾಡುತ್ತದೆ. ಇಂದು ಗಣಕಯಂತ್ರಗಳ ದತ್ತಾಂಶ ಕೇಂದ್ರಗಳಲ್ಲಿಯೂ ಇದೇ ಏರ್ಪಾಡನ್ನು ಕಾಣಬಹುದು.

ಅಪಾಯವೂ ಸೂರಿಗೇರಿ ಕಣ್ಮರೆಯಾಯಿತೇ ಹೊರತು ಇಲ್ಲವಾಗಲಿಲ್ಲ. ತಿರುಗುವ ಬೆಲ್ಟು ಕಣ್ಣಿಗೆ ಕಾಣುತ್ತಿತ್ತು. ತಾಮ್ರದಲ್ಲಿರುವ ವಿದ್ಯುತ್ತು ಕಾಣುವುದಿಲ್ಲ. ಆದ್ದರಿಂದ ಸ್ವಿಚ್ಚನ್ನು ಆರಿಸಿದ ಮೇಲಲ್ಲದೆ ಪೆಟ್ಟಿಗೆಯನ್ನು ಕೀಳಬಾರದು. ಕೇಬಲ್ಲಿನ ಭಾರವು ಜೋಡಣೆಯ ಮೇಲೆ ಬೀಳದಂತೆ ಅದನ್ನು ಪ್ರತ್ಯೇಕವಾಗಿ ತೂಗುಹಾಕಬೇಕು. ಯಂತ್ರದ ಮೈಯನ್ನು ಭೂಮಿಗೆ ಸೇರಿಸುವ ತಂತಿಯೂ ಅದರೊಡನೆ ಇಳಿದುಬರಬೇಕು.