ವಿಷ ಕರಗಿಸುವ ಶಿಲೀಂಧ್ರ: ಉದ್ಯಾನದ ಮಣ್ಣಿಗೆ ಮದ್ದು, ಆದರೆ ಎಲ್ಲ ವಿಷಕ್ಕೂ ಅಲ್ಲ

ಹಳೆಯ ಕಾರ್ಖಾನೆಯ ಜಾಗದಲ್ಲಿ ಹುಲ್ಲು ಬೆಳೆಸಿ, ಕಲ್ಲುಬೆಂಚು ಹಾಕಿದ ಮಾತ್ರಕ್ಕೆ ನೆಲದೊಳಗಿನ ವಿಷ ಮಾಯವಾಗುವುದಿಲ್ಲ. ಅಮೆರಿಕದ ಸಿಯಾಟಲ್ ನಗರದ ಗ್ಯಾಸ್ ವರ್ಕ್ಸ್ ಪಾರ್ಕ್ ಇದಕ್ಕೆ ನಿದರ್ಶನ. 1906ರಿಂದ 1956ರವರೆಗೆ ಅಲ್ಲಿ ಅನಿಲ ತಯಾರಿಕಾ ಘಟಕವಿತ್ತು. ಅದು ಬಿಟ್ಟುಹೋದದ್ದು ಟಾರು, ತೈಲ ಇಂಗಿದ ನೆಲ. ಉದ್ಯಾನ ರೂಪಿಸಿದ ವಿನ್ಯಾಸಕಾರ ರಿಚರ್ಡ್ ಹೇಗ್, ಆ ಮಣ್ಣಿಗೆ ಚರಂಡಿ ಕೆಸರು ಮತ್ತು ಮರದ ಹೊಟ್ಟನ್ನು ಬೆರೆಸಿ, ಸೂಕ್ಷ್ಮಜೀವಿಗಳೇ ತೈಲವನ್ನು ಜೀರ್ಣಿಸಿಕೊಳ್ಳುವಂತೆ ಮಾಡಿದರು. 1975ರಲ್ಲಿ ಉದ್ಯಾನ ಜನರಿಗೆ ತೆರೆಯಿತು.

ಇಂತಹ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳ ಪಾತ್ರ ದೊಡ್ಡದು. ಆದರೆ ಟಾರಿನಲ್ಲಿರುವ ಕೆಲವು ಜಟಿಲ ಅಣುಗಳು ಅವುಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಶಿಲೀಂಧ್ರಗಳು ನೆರವಾಗುವುದು ಇಲ್ಲಿಯೇ.

ಕೆಲಸ ಹೇಗೆ?

ಮರಕ್ಕೆ ಗಟ್ಟಿತನ ನೀಡುವ ವಸ್ತು ಲಿಗ್ನಿನ್. ಅದನ್ನು ಪೂರ್ಣವಾಗಿ ಒಡೆಯಬಲ್ಲ ಜೀವಿಗಳಲ್ಲಿ ಬಿಳಿಕೊಳೆ ಶಿಲೀಂಧ್ರಗಳದೇ ಅಗ್ರಸ್ಥಾನ. ಇವು ಕಿಣ್ವಗಳನ್ನು ದೇಹದ ಹೊರಗೇ ಸ್ರವಿಸುತ್ತವೆ. ಲಿಗ್ನಿನ್‌ನಂತೆಯೇ ಉಂಗುರ ರಚನೆಯುಳ್ಳ ಟಾರಿನ ಅಣುಗಳನ್ನೂ, ಕೆಲವು ಕೀಟನಾಶಕಗಳನ್ನೂ ಈ ಕಿಣ್ವಗಳು ಛೇದಿಸುತ್ತವೆ. ಇಂತಹ ಒಂದು ಶಿಲೀಂಧ್ರವು ಡಿಡಿಟಿ, ಲಿಂಡೇನ್‌ಗಳನ್ನು ವಿಘಟಿಸಬಲ್ಲದೆಂದು 1985ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ನಮ್ಮ ರೈತರು ಭತ್ತದ ಹುಲ್ಲಿನಲ್ಲಿ ಬೆಳೆಯುವ ಆಯ್ಸ್ಟರ್ ಅಣಬೆಯೂ ಇದೇ ಗುಂಪಿನದು. ಡೀಸೆಲ್ ಬೆರೆತ ಮಣ್ಣಿನ ಮೇಲೆ ಇದರ ಪ್ರಯೋಗಗಳು ನಡೆದಿವೆ.

ಮಿತಿ ಎಲ್ಲಿ?

ಸೀಸ, ಕ್ಯಾಡ್ಮಿಯಂನಂತಹ ಲೋಹಗಳು ಮೂಲಧಾತುಗಳು. ಅವುಗಳನ್ನು ಯಾವ ಕಿಣ್ವವೂ ಒಡೆಯಲಾರದು. ಶಿಲೀಂಧ್ರ ಅವನ್ನು ಹೀರಿ ತನ್ನಲ್ಲಿ ಇಟ್ಟುಕೊಳ್ಳಬಹುದಷ್ಟೆ. ಅಂತಹ ಅಣಬೆಯನ್ನು ಕಿತ್ತು ಸುರಕ್ಷಿತವಾಗಿ ವಿಲೇವಾರಿ ಮಾಡದಿದ್ದರೆ, ಅದು ಕೊಳೆತಾಗ ಲೋಹ ಮರಳಿ ಮಣ್ಣಿಗೇ ಸೇರುತ್ತದೆ. ಆದ್ದರಿಂದ ಕಲುಷಿತ ನೆಲದ ಅಣಬೆಯನ್ನು ತಿನ್ನುವುದು ಅಪಾಯಕಾರಿ. ಗೊಬ್ಬರದ ಗುಂಡಿಗೆ ಹಾಕುವುದೂ ಸಲ್ಲದು.

ತೇವ, ಗಾಳಿ, ಮರದ ಚೂರಿನಂತಹ ಆಹಾರ ದೊರೆಯದಿದ್ದರೆ ಪ್ರಯೋಗಾಲಯದಲ್ಲಿ ಗೆದ್ದ ಶಿಲೀಂಧ್ರ ಬಯಲಿನಲ್ಲಿ ಸೋಲುವುದುಂಟು. ವಿಘಟನೆ ಅರ್ಧಕ್ಕೆ ನಿಂತರೆ ಉಳಿಯುವ ವಸ್ತುಗಳೂ ಕೆಲವೊಮ್ಮೆ ವಿಷಕಾರಿ. ಸಿಯಾಟಲ್‌ನಲ್ಲಿಯೂ ಒಂದೇ ಪ್ರಯತ್ನಕ್ಕೆ ನೆಲ ಶುದ್ಧವಾಗಲಿಲ್ಲ. 1984ರಲ್ಲಿ ಮಣ್ಣಿನಲ್ಲಿ ಮಾಲಿನ್ಯ ಉಳಿದಿರುವುದು ಪತ್ತೆಯಾಗಿ ಉದ್ಯಾನವನ್ನು ಕೆಲಕಾಲ ಮುಚ್ಚಬೇಕಾಯಿತು. ಮುಂದೆ ಹೊಸ ಮಣ್ಣಿನ ಹೊದಿಕೆಯೂ ಬೇಕಾಯಿತು.

ಮಕ್ಕಳು ಮಣ್ಣಿನಲ್ಲಿ ಆಡಿ, ಅದೇ ಕೈಯನ್ನು ಬಾಯಿಗಿಡುವ ತಾಣ ಉದ್ಯಾನ. ಹಾಗಾಗಿ ಅಣಬೆ ಬಿತ್ತುವ ಮುನ್ನ ನೆಲದಲ್ಲಿರುವುದು ತೈಲವೋ ಲೋಹವೋ ಎಂಬ ಪರೀಕ್ಷೆ ಅಗತ್ಯ. ಬಿತ್ತಿದ ನಂತರ ವಿಷ ಎಷ್ಟು ಇಳಿಯಿತೆಂಬ ಪರೀಕ್ಷೆಯೂ ಅಷ್ಟೇ ಅಗತ್ಯ.