ಬರದ ಸೀಮೆಯ ಒದ್ದೆ ಗೋಡೆ

ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ಆಗುಂಬೆಯವರು ಇದನ್ನು ಮಳೆ ಅಂತಲೇ ಕರೆಯಲಿಕ್ಕಿಲ್ಲ. ಆದರೂ ಮಳೆಗಾಲ ಮುಗಿದ ಮೇಲೆ ಹಿರಿಯೂರು, ಹೊಸದುರ್ಗದ ಹೊಸ ಬಡಾವಣೆಗಳನ್ನು ಒಮ್ಮೆ ಸುತ್ತಿ ನೋಡಿ. ಸಜ್ಜಾದ ಕೆಳಗೆ ಕಪ್ಪು ಪಾಚಿ, ಬೊಕ್ಕೆ ಎದ್ದ ಬಣ್ಣ, ಮೊಣಕಾಲೆತ್ತರದವರೆಗೆ ಉದುರಿದ ಪ್ಲಾಸ್ಟರ್ ಕಾಣುತ್ತವೆ. ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ನಂತರ ಕೋಡಿ ಬಿದ್ದ 2022ರಂಥ ವರ್ಷದಲ್ಲಂತೂ ಕೇಳುವುದೇ ಬೇಡ. ಎಲ್ಲರೂ ಮಳೆಯನ್ನು ಬೈಯುತ್ತಾರೆ. ನನ್ನ ಅನುಮಾನ ಮಾತ್ರ ಮೊದಲು ಗಾಳಿಯ ಮೇಲೆ.

ಜೋಗಿಮಟ್ಟಿ ಸುತ್ತಲ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅದೇ ಗಾಳಿ ಹಸಿ ಪ್ಲಾಸ್ಟರಿನ ನೀರನ್ನೂ ಹೀರಿಕೊಂಡು ಹೋಗುತ್ತದೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ, ಅದಕ್ಕೆ ದಿನಗಳೇ ಬೇಕು. ಅಷ್ಟರಲ್ಲಿ ಮೇಲ್ಪದರ ಒಣಗಿದರೆ ಕುಗ್ಗಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. "ಸಿಮೆಂಟ್ ಜಾಸ್ತಿ ಹಾಕ್ರಿ ಮೇಸ್ತ್ರಿ, ಗಟ್ಟಿ ಇರ್ಲಿ" ಎನ್ನುವ ಯಜಮಾನರು ತಿಳಿಯದೆ ಬಿರುಕನ್ನೇ ಹೆಚ್ಚಿಸುತ್ತಾರೆ.

ಸಣ್ಣ ಬಿರುಕೆಂದು ಉಪೇಕ್ಷಿಸುವಂತಿಲ್ಲ. ದಾರಿ ಕಿರಿದಾದಷ್ಟೂ ನೀರನ್ನು ಎಳೆಯುವ ಬಲ ಹೆಚ್ಚು. ಶಾಲೆಯಲ್ಲಿ ಓದಿದ ಲೋಮನಾಳ ಕ್ರಿಯೆ ಇದೇ. 1 ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ. ವ್ಯಾಸ ಅದರ ನೂರನೇ ಒಂದು ಭಾಗವಾದರೆ ಲೆಕ್ಕದ ಪ್ರಕಾರ 3 ಮೀಟರ್! ಇಟ್ಟಿಗೆ, ಗಾರೆಗಳ ತುಂಬ ಇಂಥ ಸೂಕ್ಷ್ಮ ರಂಧ್ರಗಳೇ. ದಾರಿಯಲ್ಲೇ ಆವಿಯಾಗುವುದರಿಂದ ನೆಲದಿಂದ ಏರುವ ತೇವ ಸಾಮಾನ್ಯವಾಗಿ ಸೊಂಟದ ಮೇಲೆ ಹೋಗುವುದಿಲ್ಲ. ನೀರು ಆವಿಯಾಗಿ ಹೋದರೂ ಅದು ತಂದ ಉಪ್ಪು ಅಲ್ಲೇ ಉಳಿಯುತ್ತದೆ.

ಉಪ್ಪಿನ ಗುಣ ಈ ಸೀಮೆಗೆ ಹೊಸದೇನಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಉಪ್ಪಿನಂಶದ ಸವಳು ಮಣ್ಣು ಹರಡುತ್ತಿದ್ದವರು ನಮ್ಮ ಹಿರಿಯರು. ಸವಳಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ, ಅವು ರಂಧ್ರಗಳಲ್ಲಿ ಕೂತು ನೀರಿನ ದಾರಿ ಮುಚ್ಚುತ್ತವೆ. ಸೊಗಸಾದ ರಸಾಯನಶಾಸ್ತ್ರ! ಗೋಡೆಯಲ್ಲಿ ಮಾತ್ರ ಉಪ್ಪಿನ ಆಟ ತಿರುಗುಮುರುಗು. ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ, ಒಳಗಿನಿಂದಲೇ ಒತ್ತಿ ಅದನ್ನು ಸಿಡಿಸುತ್ತದೆ. ಆದ್ದರಿಂದ ಬಾಯಿಗೆ ಉಪ್ಪೆನಿಸುವ ಬೋರ್‌ವೆಲ್ ನೀರಲ್ಲಿ ಗಾರೆ ಕಲಸಬೇಡಿ, ಕ್ಯೂರಿಂಗೂ ಬೇಡ.

ಇದಕ್ಕೆಲ್ಲ ಮದ್ದೆಂದು ದುಬಾರಿ ಪ್ಲಾಸ್ಟಿಕ್ ಬಣ್ಣ ಬಳಿಸುವವರಿದ್ದಾರೆ. ಒದ್ದೆ ಮೈಗೆ ರೈನ್‌ಕೋಟ್ ತೊಡಿಸಿದಂತಾಯಿತು ಅದು, ಒಳಗಿನ ತೇವ ಹೊರಬರುವುದಿಲ್ಲ. ಚಿತ್ರದುರ್ಗದ ಕೋಟೆಯೊಳಗಿನ ನಾಯಕರ ಕಾಲದ ಮಣ್ಣಿನ ಗೋಡೆಗಳು ಸೂರು ಕಳೆದುಕೊಂಡೂ ನಿಂತಿವೆ. ದಪ್ಪಕ್ಕೆ ದಪ್ಪ, ನೆನೆದರೆ ಗಾಳಿಗೆ ಮೈಯೊಡ್ಡಿ ಒಣಗುತ್ತವೆ. ಇಟ್ಟಿಗೆ ಗೋಡೆಗೂ ಆ ಅವಕಾಶ ಬೇಕು.

ಮಾಡಬೇಕಾದ್ದು ಸರಳ. ಹೊರಗೋಡೆಗೆ ಸಿಮೆಂಟ್ ಒಂದು ಪಾಲಾದರೆ ಮರಳು ಆರು ಪಾಲು ಸಾಕು. ಎರಡು ಪದರ ಸೇರಿ 20 ಮಿಲಿಮೀಟರ್ ಇರಲಿ. ಆಷಾಢದ ಗಾಳಿಯಲ್ಲಿ ಈ ಕೆಲಸ ಬೇಡ. ಮಾಡಲೇಬೇಕಾದರೆ ಒದ್ದೆ ಗೋಣಿಚೀಲ ಇಳಿಬಿಟ್ಟು ಕನಿಷ್ಠ ಒಂದು ವಾರ ನೀರುಣಿಸಿ. ಪ್ಯಾರಾಪೆಟ್ಟಿನ ನೆತ್ತಿ ತಾರಸಿಯ ಕಡೆಗೆ ಇಳಿಜಾರಾಗಿರಲಿ, ಸಜ್ಜಾದ ಅಡಿಯಂಚಿನಲ್ಲಿ ನೀರು ತೊಟ್ಟಿಕ್ಕಲು ಒಂದು ಸಣ್ಣ ತೋಡು ಕೊರೆಸಿ. ಅಂಗಳ ಎತ್ತರಿಸುವಾಗ ಪಾಯದ ಮೇಲಿನ, ತೇವ ತಡೆಯುವ ಡಿಪಿಸಿ ಪದರ ಮಣ್ಣಲ್ಲಿ ಹೂತುಹೋಗದಂತೆ ನೋಡಿ. ಎಷ್ಟೋ ಮನೆ ಕೆಡುವುದು ಇದೊಂದರಿಂದಲೇ.

ಇನ್ನು ಬಣ್ಣ. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಾವು ಬಣ್ಣ ಬಳಿಸುವುದೂ ಸರಿಯಾಗಿ ದಸರಾ, ದೀಪಾವಳಿಗೆ. ಆಗ ಗೋಡೆ ಒಳಗೆ ಹಸಿಯಾಗಿಯೇ ಇರುತ್ತದೆ. ಮಾರ್ಚಿನ ಹೊತ್ತಿಗೆ ಚೆನ್ನಾಗಿ ಒಣಗಿರುತ್ತದೆ. ಈ ಸಲ ಬಣ್ಣವನ್ನು ಯುಗಾದಿಗೆ ಇಟ್ಟುಕೊಳ್ಳಿ.