ಉಜ್ಜಿದರೆ ಗುಡುಗುವ ಉರುಮೆ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಜಾತ್ರೆ ಅಂದ್ರೆ ಡೊಳ್ಳು. ಜಗಳೂರಿನತ್ತ ಬನ್ನಿ, ಉರುಮೆ ಕೇಳ್ಸುತ್ತೆ. 1997ರವರೆಗೆ ಜಗಳೂರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ವಾದ್ಯದ ನಂಟೂ ಆ ಸೀಮೆಯದೇ, ಮ್ಯಾಸಬೇಡ ಸಮುದಾಯದ ದೇವರ ಉತ್ಸವಗಳದು.

ನಡು ಸಣ್ಣ, ಬಾಯಿ ಎರಡೂ ಅಗಲ. ದೊಡ್ಡ ಡಮರುಗ ಅನ್ನಿ. ಒಂದು ಮುಖಕ್ಕೆ ಬಡಿತ. ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜೋದು! ಆ ಗುರುಗುಟ್ಟುವ ದನಿ ಹೊರಡೋದು ಅಲ್ಲಿಂದಲೇ.

ಅಟ್ಟದ ಮೇಲೆ ಹಳೇ ಉರುಮೆ ಸಿಕ್ತಾ? ಮರದ ಒಡಲಿಗೆ ಬಿರುಕು, ಹುಳು ಇಲ್ಲದಿದ್ರೆ ಬಿಸಾಡಬೇಡಿ. ಹರಿದ ಚರ್ಮ ಬಿಚ್ಚಿ. ಹೊಸದನ್ನು ನೀರಲ್ಲಿ ನೆನೆಸಿ, ಬಳೆಗೆ ಎಳೆದು ಕಟ್ಟಿ, ನೆರಳಲ್ಲೇ ಒಣಗಿಸಿ. ಫೈಬರ್ ಹಾಳೆ ಬಾಳಿಕೆ ಬರುತ್ತೆ, ನಿಜ. ನನ್ನ ಕಿವಿಗಂತೂ ಅದು ಉರುಮೆಯೇ ಅಲ್ಲ. ಉಜ್ಜುವ ಮುಖಕ್ಕೆ ಹರಳೆಣ್ಣೆ ಸವರಿ. ಶ್ರುತಿ ಇರೋದು ಹಗ್ಗದ ಬಿಗಿತದಲ್ಲಿ. ಮಳೆಗಾಲದಲ್ಲಿ ಚರ್ಮ ಸಡಿಲಾದ್ರೆ, ಬಾರಿಸೋ ಮುನ್ನ ಬೆಂಕಿಗೆ ತುಸು ಕಾಯಿಸಿ.